ಅಣ್ಣ ಹೋಗಿ ಎಂಟು ತಿಂಗಳು: ಅವ್ವನಿಗಾಗಿ ಯಾರ ನೆರವು ಕೇಳಲಿ?

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ಪುಣೆಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಯುಗಾದಿ ಮುಗಿದ ಮರುವಾರ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 36. ಅಪ್ಪ ಮೊದಲೇ ಇಲ್ಲ. ಅವ್ವ ಇಂದಿಗೂ ಸಂಜೆ ಬಸ್ಸು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕೂಡುತ್ತಾಳೆ, ಅವನ ಗಾಡಿಯ ಸಪ್ಪಳ ಕೇಳಿಸಿತು ಎನ್ನುತ್ತಾಳೆ. ಸರಿಯಾಗಿ ಉಣ್ಣುವುದಿಲ್ಲ, ಶುಗರ್ ಗುಳಿಗೆಗಳನ್ನೂ ಬಿಟ್ಟಿದ್ದಾಳೆ. 'ಅವನ ಬದಲಿಗೆ ನನ್ನನ್ನು ಒಯ್ಯಬಾರದಿತ್ತೇ' ಎನ್ನುವುದು ದಿನದ ಮಾತಾಗಿದೆ. ವೈನಿ ಇದುವರೆಗೆ ಎಲ್ಲರೆದುರು ಅತ್ತಿಲ್ಲ. ಮನೆಗೆಲಸ ಮಾಡಿಕೊಂಡು ಸುಮ್ಮನಿರುತ್ತಾಳೆ. ಅದಕ್ಕೂ ನೆಂಟರು ಮಾತನಾಡುತ್ತಾರೆ, ಅವಳ ಕಾಲ್ಗುಣದ ಮಾತನ್ನೂ ಎತ್ತುತ್ತಾರೆ. ಐದು ವರ್ಷದ ಮಗನಿಗೆ 'ಅಪ್ಪ ಪುಣೆಯಲ್ಲಿದ್ದಾನೆ' ಎಂದು ಹೇಳಿದ್ದೇವೆ. ಸಾಯುವ ಹಿಂದಿನ ರಾತ್ರಿ ಅಣ್ಣ ಫೋನ್ ಮಾಡಿ ಎದೆ ಉರಿಯುತ್ತಿದೆ ಎಂದಿದ್ದ. ಗ್ಯಾಸ್ ಇರಬೇಕು, ಗುಳಿಗೆ ತಗೋ ಎಂದಿದ್ದೆ. ಹಿರಿಯರು ವರ್ಷ ತುಂಬಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಅವ್ವನಿಗೆ ಗಾಳಿ ಸೋಕಿದೆ ಎನ್ನುವವರೂ ಇದ್ದಾರೆ. ಔಷಧಿ ಅಂಗಡಿಯವರು ನಿದ್ದೆ ಗುಳಿಗೆ ಕೊಟ್ಟಿದ್ದಾರೆ. ದೊಡ್ಡ ಊರುಗಳಲ್ಲಿ ಇಂಥವರಿಗಾಗಿ ಗುಂಪುಗಳಿರುತ್ತವೆಯಂತೆ. ನಮ್ಮಂಥ ಊರಿನವರು ಯಾರ ಬಳಿ ಹೋಗಬೇಕು?

ಉತ್ತರ: ನೀವು ಅವ್ವನ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ನಾಲ್ವರ ದುಃಖವಿದೆ. ನಾಲ್ವರಿಗೂ ತೀರಿಕೊಂಡವನು ಒಬ್ಬನೇ, ಆದರೆ ಕಳೆದುಕೊಂಡದ್ದು ಒಂದೇ ಅಲ್ಲ: ಅವ್ವನಿಗೆ ಮಗ, ವೈನಿಗೆ ಗಂಡ, ಮಗುವಿಗೆ ಅಪ್ಪ, ನಿಮಗೆ ಬೆನ್ನಿಗಿದ್ದ ಅಣ್ಣ. ಆದ್ದರಿಂದ ಒಬ್ಬರಿಗೆ ಬೇಕಾದ ನೆರವು ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ನಾನು ನೋಡಿದ ಕುಟುಂಬಗಳಲ್ಲಿ ಹೆಚ್ಚಿನ ಜಗಳ ಹುಟ್ಟುವುದು, ಎಲ್ಲರೂ ಒಂದೇ ರೀತಿಯಲ್ಲಿ, ಒಂದೇ ವೇಗದಲ್ಲಿ ದುಃಖಿಸಬೇಕೆಂಬ ನಿರೀಕ್ಷೆಯಿಂದ. ನಿಮ್ಮ ಮನೆಯಲ್ಲಿ ಚಿಕಿತ್ಸೆಯ ತುರ್ತು ಇರುವುದು ಅವ್ವನಿಗೆ. ಉಳಿದ ಮೂವರಿಗೆ ಸದ್ಯ ಬೇಕಾಗಿರುವುದು ಬೇರೆ ಬಗೆಯ ಆಸರೆ.

ಅವ್ವನ ವಿಷಯದಲ್ಲಿ ವರ್ಷ ತುಂಬುವವರೆಗೆ ಕಾಯಬೇಡಿರಿ. ದುಃಖಕ್ಕೆ ಗಡುವಿಲ್ಲವೆಂಬುದು ನಿಜ, ಮತ್ತು ಮಗನನ್ನು ಕಳೆದುಕೊಂಡ ತಾಯಿ ಎಂಟು ತಿಂಗಳ ನಂತರವೂ ಅಳುವುದು ಕಾಯಿಲೆಯಲ್ಲ. ಆದರೆ ಹಂಬಲ ಒಂದಿಷ್ಟೂ ಸಡಿಲವಾಗದೆ ದಿನದ ಬಹುಪಾಲನ್ನು ಆವರಿಸಿ, ಊಟ, ನಿದ್ದೆ, ಔಷಧಿ, ಜನರೊಂದಿಗಿನ ಒಡನಾಟ ಎಲ್ಲವೂ ಕೆಟ್ಟಿದ್ದರೆ, ಅದನ್ನು ವೈದ್ಯಶಾಸ್ತ್ರ ದೀರ್ಘಕಾಲದ ಶೋಕದ ತೊಂದರೆ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಪ್ರಕಾರ ಸಾವಿನ ನಂತರ ಕನಿಷ್ಠ 6 ತಿಂಗಳಾದ ಮೇಲೆ, ಆ ಸಮಾಜದ ರೂಢಿಯನ್ನೂ ಗಮನದಲ್ಲಿಟ್ಟುಕೊಂಡು, ಈ ನಿರ್ಣಯಕ್ಕೆ ಬರಬೇಕು. ಅಮೆರಿಕದ ಮನೋವೈದ್ಯರ ಪಟ್ಟಿ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ರೋಗದಂಥ ಸ್ವಾಭಾವಿಕ ಕಾರಣಗಳಿಂದಾದ ಸಾವುಗಳ ನಂತರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬ ಅಂದಾಜಿದೆ. ಸಾವು ಅನಿರೀಕ್ಷಿತವಾಗಿದ್ದಾಗ, ಹೋದವರು ಮಕ್ಕಳಾಗಿದ್ದಾಗ ಈ ಸಂಭವ ಹೆಚ್ಚು. ನಿಮ್ಮ ಅವ್ವನ ವಿಷಯದಲ್ಲಿ ಇವೆರಡೂ ಇವೆ. ಪತ್ರ ಓದಿ ನಾನು ರೋಗನಿರ್ಣಯ ಮಾಡಲಾರೆ, ಆದರೆ ಅವರನ್ನು ವೈದ್ಯರು ನೋಡಲೇಬೇಕು ಎಂದು ಖಂಡಿತವಾಗಿ ಹೇಳಬಲ್ಲೆ.

ಗಾಡಿಯ ಸಪ್ಪಳ ಕೇಳಿಸುವುದಕ್ಕೆ ಮಾತ್ರ ನೀವು ಹೆದರಬೇಕಾಗಿಲ್ಲ. ಹೋದವರ ಧ್ವನಿ ಕೇಳಿಸುವುದು, ಅವರು ಪಕ್ಕದಲ್ಲೇ ಇದ್ದಾರೆ ಅನ್ನಿಸುವುದು ಶೋಕದಲ್ಲಿ ತೀರ ಸಾಮಾನ್ಯ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಡೆವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಸಂಗಾತಿಯನ್ನು ಕಳೆದುಕೊಂಡವರನ್ನು ಮಾತನಾಡಿಸಿದಾಗ, ಸುಮಾರು ಅರ್ಧದಷ್ಟು ಜನ ಇಂಥ ಅನುಭವ ತಮಗಾಗಿದೆ ಎಂದಿದ್ದರು, ಮತ್ತು ಅವರಲ್ಲಿ ಬಹಳಷ್ಟು ಜನರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಇಷ್ಟು ವರ್ಷ ಆ ಸಪ್ಪಳಕ್ಕೆ ಕಾದು ರೂಢಿಯಾದ ಕಿವಿ ಈಗಲೂ ಕಾಯುತ್ತದೆ. ಗಾಳಿ ಸೋಕಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಹುಚ್ಚಿಗೂ ಸಂಬಂಧವಿಲ್ಲ. ಆ ಧ್ವನಿ 'ನೀನೂ ಬಾ' ಎಂದು ಕರೆಯುತ್ತದೆ, ಬೈಯುತ್ತದೆ, ಏನನ್ನೋ ಮಾಡು ಎಂದು ಆಜ್ಞಾಪಿಸುತ್ತದೆ ಎಂದು ಅವ್ವ ಹೇಳಿದರೆ ಮಾತ್ರ ತಡಮಾಡದೆ ತೋರಿಸಬೇಕು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಬೇರೆ ಎರಡು ಸಂಗತಿಗಳು. ಒಂದು, ಶುಗರ್ ಗುಳಿಗೆ ನಿಲ್ಲಿಸಿರುವುದು. ಊಟ ಅಸ್ತವ್ಯಸ್ತವಾಗಿರುವಾಗ ಹಳೆಯ ಚೀಟಿಯ ಪ್ರಮಾಣದಲ್ಲೇ ಗುಳಿಗೆಗಳನ್ನು ಮತ್ತೆ ಶುರುಮಾಡಿದರೆ ಕೆಲವು ಔಷಧಿಗಳಿಂದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು; ಆದ್ದರಿಂದ ಈ ವಾರವೇ ರಕ್ತದ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಆರಂಭಿಸಿರಿ. ಎರಡನೆಯದು, 'ನನ್ನನ್ನು ಒಯ್ಯಬಾರದಿತ್ತೇ' ಎಂಬ ಮಾತು. ನಮ್ಮ ಕಡೆಯ ತಾಯಂದಿರು ಎದೆ ಬಿರಿದು ಅಳುವಾಗ ಇಂಥ ಮಾತು ಬರುತ್ತದೆ, ಹೆಚ್ಚಿನ ಸಲ ಅದು ದುಃಖದ ಭಾಷೆಯಷ್ಟೇ ಆಗಿರುತ್ತದೆ. ಆದರೆ ಅದು ಅಷ್ಟೇ ಎಂದು ಊಹಿಸಿಕೊಂಡು ಕೂಡಬೇಡಿರಿ. ಒಂಟಿಯಾಗಿರುವಾಗ ಹತ್ತಿರ ಕುಳಿತು, 'ಅವ್ವಾ, ಸಾಯಬೇಕು ಅನ್ನಿಸ್ತದೇನು? ಹೆಂಗ ಸಾಯಬೇಕು ಅಂತ ವಿಚಾರ ಮಾಡಿಯೇನು?' ಎಂದು ನೇರವಾಗಿ ಕೇಳಿರಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಬಚ್ಚಿಟ್ಟದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ತೊಗರಿಗೆ ಹೊಡೆಯಲು ತಂದ ಕೀಟನಾಶಕವೇನಾದರೂ ಮನೆಯಲ್ಲಿದ್ದರೆ ಇಂದೇ ಬೇರೆಡೆ ಸಾಗಿಸಿ ಬೀಗ ಹಾಕಿರಿ, ಗುಳಿಗೆಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಅವ್ವ ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಔಷಧಿ ಅಂಗಡಿಯ ನಿದ್ದೆ ಗುಳಿಗೆಯ ಬಗ್ಗೆ. ಸಾಮಾನ್ಯವಾಗಿ ಕೈಗೆ ಸಿಗುವ ಅಲ್ಪ್ರಜೋಲಾಮ್‌ನಂಥ ಗುಳಿಗೆಗಳು ಆ ರಾತ್ರಿಯ ನಿದ್ದೆ ತರಬಹುದು, ಆದರೆ ಶೋಕವನ್ನು ಕಡಿಮೆ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಚಟವಾಗುತ್ತವೆ, ವಯಸ್ಸಾದವರಲ್ಲಿ ಮರೆವು ತರುತ್ತವೆ, ರಾತ್ರಿ ಎದ್ದಾಗ ಬೀಳುವಂತೆ ಮಾಡುತ್ತವೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವುದೇ ಕಾನೂನುಬಾಹಿರ. ಅವ್ವ ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿರಿ, ಏಕೆಂದರೆ ತೀವ್ರ ಚಡಪಡಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ತೊಂದರೆಯಾಗಬಹುದು. ಗುಳಿಗೆಗಳ ಖಾಲಿ ಸ್ಟ್ರಿಪ್ಪನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಿರಿ.

ಈಗ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಹುಮನಾಬಾದಿನಿಂದ ಬೀದರ್ ಮತ್ತು ಕಲಬುರಗಿ ಎರಡೂ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದಷ್ಟು ದೂರ, ಮತ್ತು ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಅವ್ವ, ವೈನಿ ಇಬ್ಬರಿಗೂ ಟಿಕೆಟ್ ಖರ್ಚಿಲ್ಲ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಯಾದಗಿರಿಯವರಿಗಾದರೆ ಅಲ್ಲಿಯ ಯಿಮ್ಸ್, ಈ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಇರುತ್ತಾರೆ, ಮತ್ತು ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಶಿಬಿರ ನಡೆಯುವ ವ್ಯವಸ್ಥೆ ಇದೆ. ಹುಮನಾಬಾದಿನಲ್ಲಿ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಳ್ಳಿರಿ. ಇಲ್ಲಿ ಒಂದು ತೊಡಕಿದೆ. ಹೊರರೋಗಿ ವಿಭಾಗದಲ್ಲಿ ನೂಕುನುಗ್ಗಲಿದ್ದಾಗ ವೈದ್ಯರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ 'ನಿದ್ದೆ ಇಲ್ಲ, ಊಟ ಇಲ್ಲ' ಎಂದಷ್ಟೇ ಹೇಳಿದರೆ ಗುಳಿಗೆಯ ಚೀಟಿಯೊಂದಿಗೆ ಹೊರಬರುತ್ತೀರಿ. ಆದ್ದರಿಂದ ಮೊದಲ ವಾಕ್ಯದಲ್ಲೇ 'ಎಂಟು ತಿಂಗಳ ಹಿಂದೆ ಮಗ ತೀರಿಕೊಂಡಿದ್ದಾನೆ, ಇವರಿಗೆ ಆಪ್ತಸಮಾಲೋಚನೆ ಬೇಕು' ಎಂದು ಹೇಳಿರಿ, ಮತ್ತು ಅದಕ್ಕಾಗಿ ಮುಂದಿನ ಭೇಟಿಯ ದಿನವನ್ನು ಕೇಳಿ ಪಡೆಯಿರಿ. ಇದು ಹುಚ್ಚರ ಆಸ್ಪತ್ರೆ ಎಂದು ಅವ್ವ ಹಟ ಹಿಡಿದರೆ ಶುಗರ್ ತಪಾಸಣೆಯ ದಿನವೇ ಹೋಗಿ, ಅಲ್ಲಿಯ ವೈದ್ಯರಿಂದಲೇ 'ಇವರನ್ನೂ ಒಮ್ಮೆ ಭೇಟಿಯಾಗಿ' ಎಂದು ಹೇಳಿಸಿರಿ. ಸುಳ್ಳು ಹೇಳಿ ಕರೆದೊಯ್ದರೆ ಎರಡನೇ ಸಲ ಅವರು ಬರುವುದಿಲ್ಲ.

ಆಸ್ಪತ್ರೆಗೆ ಹೋಗುವ ಮೊದಲೇ, ಇಂದು ರಾತ್ರಿಯೇ ಬೇಕಾದರೆ, ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿರುವ ಈ ಉಚಿತ ಸೇವೆಗೆ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು. ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆಂಬ ಭರವಸೆ ಇಲ್ಲದಿರುವುದು ಇದರ ಮಿತಿ. ಅವ್ವನಿಗಿಂತ ನಿಮಗೆ ಮತ್ತು ವೈನಿಗೆ ಇದು ಹೆಚ್ಚು ಒದಗೀತು. ಇನ್ನು ಖಾಸಗಿ ಸಮಾಲೋಚಕರ ವಿಷಯದಲ್ಲಿ ಎಚ್ಚರಿಕೆ ಬೇಕು, ಕೆಲವು ದಿನಗಳ ಕೋರ್ಸ್ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಓದು ಏನು, ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿರಿ.

ಒಳ್ಳೆಯ ಸಮಾಲೋಚನೆ ಎಂದರೆ ಸಮಾಧಾನದ ನಾಲ್ಕು ಮಾತು ಎಂದು ಬಹಳ ಜನ ತಿಳಿದಿದ್ದಾರೆ. ದೀರ್ಘಕಾಲದ ಶೋಕಕ್ಕಾಗಿಯೇ ರೂಪಿಸಿದ ಚಿಕಿತ್ಸೆ ಸಾಮಾನ್ಯವಾಗಿ 16 ಭೇಟಿಗಳಷ್ಟಿರುತ್ತದೆ. ಅದರಲ್ಲಿ ಸಾವಿನ ಸುದ್ದಿ ಬಂದ ಗಳಿಗೆಯನ್ನು ಚಿಕಿತ್ಸಕರ ಎದುರು ಮತ್ತೆ ಮತ್ತೆ ಹೇಳಿಕೊಳ್ಳುವುದು, ತಪ್ಪಿಸಿಕೊಂಡು ತಿರುಗುವ ಜಾಗ ಮತ್ತು ವಸ್ತುಗಳ ಬಳಿಗೆ ಸ್ವಲ್ಪಸ್ವಲ್ಪವಾಗಿ ಮರಳುವುದು, ಹೋದವರೊಂದಿಗೆ ಮನಸ್ಸಿನಲ್ಲೇ ಮಾತನಾಡುವುದು, ಮುಂದಿನ ದಿನಗಳಿಗೆ ಒಂದು ಸಣ್ಣ ಗುರಿ ಇಟ್ಟುಕೊಳ್ಳುವುದು ಸೇರಿರುತ್ತವೆ. ಮೊದಮೊದಲು ಇದರಿಂದ ಅಳು ಹೆಚ್ಚಾಗುತ್ತದೆ. ಆಗ ಮನೆಯವರು ಗಾಬರಿಯಾಗಿ ನಿಲ್ಲಿಸಿಬಿಡುವುದನ್ನು ನಾನು ಕಂಡಿದ್ದೇನೆ. ಈ ಪದ್ಧತಿಯಲ್ಲಿ ವಿಶೇಷ ತರಬೇತಿ ಪಡೆದವರು ನಮ್ಮ ಭಾಗದಲ್ಲಿ ವಿರಳ, ಆದರೆ ಅನುಭವವಿರುವ ಮನಶ್ಶಾಸ್ತ್ರಜ್ಞರು ಇದರ ಮುಖ್ಯ ಅಂಶಗಳನ್ನು ಮಾಡಿಸಬಲ್ಲರು. ಜೊತೆಗೆ ಖಿನ್ನತೆಯೂ ಇದ್ದರೆ ಅದಕ್ಕೆ ಔಷಧಿ ಬೇಕಾಗಬಹುದು. ಖಿನ್ನತೆಯ ಗುಳಿಗೆ ಖಿನ್ನತೆಯ ಲಕ್ಷಣಗಳನ್ನು ಇಳಿಸುತ್ತದೆ, ಆದರೆ ಹಂಬಲವನ್ನು ಅದೊಂದೇ ನೀಗಿಸಲಾರದು ಎಂಬುದು ಸಂಶೋಧನೆಯಿಂದಲೂ ಕಂಡುಬಂದಿದೆ.

ದೇವರು, ಮಠ, ದರ್ಗಾಗಳನ್ನು ನಾನು ಬೇಡವೆನ್ನುವುದಿಲ್ಲ. ಶರಣಬಸವೇಶ್ವರ ಗುಡಿಯಲ್ಲೋ, ಖಾಜಾ ಬಂದೇನವಾಜರ ದರ್ಗಾದಲ್ಲೋ ಸುಮ್ಮನೆ ಒಂದು ತಾಸು ಕೂತು ಬಂದು ಹಗುರಾದೆ ಎನ್ನುವವರನ್ನು, ಊರಿನ ಭಜನೆಯಿಂದಲೇ ಚೇತರಿಸಿಕೊಂಡವರನ್ನು ಬಲ್ಲೆ. ನಾನು ಎಳೆಯುವ ಗೆರೆ ಇಷ್ಟೇ: ಔಷಧಿ ನಿಲ್ಲಿಸು ಎಂದರೆ, ಸಾವಿರಾರು ರೂಪಾಯಿ ಕೇಳಿದರೆ, ಹೊಡೆಯುವುದು ಅಥವಾ ಉಪವಾಸ ಕೆಡಹುವುದನ್ನು ಮಾಡಿದರೆ, ಮನೆಯವರಲ್ಲೇ ಒಬ್ಬರನ್ನು ಸಾವಿಗೆ ಕಾರಣರೆಂದು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿರಿ. ಗಾಳಿ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯ ಪ್ರಕಾರ ಅಪರಾಧ.

ವೈನಿಯ ಮೌನದ ಬಗ್ಗೆ ನಿಮ್ಮ ನೆಂಟರು ಆಡುವ ಮಾತು ನನಗೆ ಬೇಸರ ತಂದಿತು. ಅತ್ತರೇ ದುಃಖ, ಅಳದಿದ್ದರೆ ಕಲ್ಲು ಮನಸ್ಸು ಎಂಬುದು ತಪ್ಪು ತಿಳಿವಳಿಕೆ. ಶೋಕಕ್ಕೆ ಐದು ಹಂತಗಳಿವೆ, ಎಲ್ಲರೂ ಅವನ್ನು ಒಂದೊಂದಾಗಿ ದಾಟಬೇಕು ಎಂದು ಮೊಬೈಲ್‌ನಲ್ಲಿ ಹರಿದಾಡುವ ಮಾತೂ ಅಂಥದ್ದೇ. 1969ರಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಆ ಹಂತಗಳನ್ನು ವಿವರಿಸಿದ್ದು ತಾವೇ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕುರಿತು, ಅದನ್ನು ನಂತರ ಉಳಿದವರ ದುಃಖಕ್ಕೂ ಹಚ್ಚಲಾಯಿತು. ವಾಸ್ತವದಲ್ಲಿ ಮನುಷ್ಯರು ದುಃಖಕ್ಕೂ ದಿನದ ಬದುಕಿಗೂ ನಡುವೆ ಓಲಾಡುತ್ತಾರೆ. ಒಂದು ಗಳಿಗೆ ಎದೆ ಒಡೆದಂತಾಗಿ, ಮರುಗಳಿಗೆ ರೊಟ್ಟಿ ಬಡಿಯಲು ಏಳುತ್ತಾರೆ, ಮತ್ತು ಈ ಓಲಾಟವೇ ಚೇತರಿಕೆಯ ದಾರಿ. ನಿಮ್ಮ ವೈನಿ ಒಬ್ಬರೇ ಇದ್ದಾಗ ಅಳುತ್ತಿರಬಹುದು, ಅತ್ತೆಯೆದುರು ಅತ್ತರೆ ಅವರು ಕುಸಿಯುತ್ತಾರೆಂದು ತಡೆದುಕೊಂಡಿರಬಹುದು, ಅಥವಾ ಅಳಲು ಅವರಿಗೆ ಬಿಡುವೇ ಸಿಕ್ಕಿರಲಿಕ್ಕಿಲ್ಲ. ಕಾಲ್ಗುಣದ ಮಾತು ಮನೆಯೊಳಗೆ ಬಂದರೆ ಮನೆಯ ಗಂಡಸಾಗಿ ನೀವೇ ಅಲ್ಲೇ ತಡೆಯಬೇಕು, ಎಲ್ಲರೆದುರು, ವೈನಿಗೆ ಕೇಳುವಂತೆ. 36ರ ವಯಸ್ಸಿನಲ್ಲಿ ಹೃದಯ ನಿಲ್ಲಲು ವೈದ್ಯಕೀಯ ಕಾರಣಗಳಿರುತ್ತವೆ, ಹೆಂಡತಿಯ ಕಾಲ್ಗುಣ ಅವುಗಳಲ್ಲಿ ಇಲ್ಲ. ತವರಿಗೆ ಕಳಿಸುವುದು, ಮರುಮದುವೆ, ಆಸ್ತಿ ಹಂಚಿಕೆ, ಇವುಗಳಲ್ಲಿ ಯಾವುದನ್ನೂ ಅವರ ಬಾಯಿಂದ ಕೇಳದೆ ತೀರ್ಮಾನಿಸಬೇಡಿರಿ.

ಹಣದ ಮಾತನ್ನು ಇಲ್ಲಿ ಎತ್ತುತ್ತಿರುವುದಕ್ಕೆ ಕಾರಣವಿದೆ. ಗಂಡ ಹೋದ ಹೆಣ್ಣುಮಗಳ ರಾತ್ರಿಯ ನಿದ್ದೆಗೇಡಿನಲ್ಲಿ ಅರ್ಧ ಪಾಲು ನಾಳೆಯ ಭಯ. ಅಣ್ಣನ ಸಂಬಳದಲ್ಲಿ ಭವಿಷ್ಯನಿಧಿ (ಪಿಎಫ್) ಕಡಿತವಾಗುತ್ತಿದ್ದರೆ, ಆ ಮೊತ್ತದ ಜೊತೆಗೆ ಗರಿಷ್ಠ 7 ಲಕ್ಷ ರೂಪಾಯಿವರೆಗಿನ, ಪಿಎಫ್ ಜೊತೆಗೇ ಬರುವ ಇಡಿಎಲ್‌ಐ ಎಂಬ ಜೀವವಿಮೆ ಮತ್ತು ಹೆಂಡತಿ, ಮಗುವಿಗೆ ಪಿಂಚಣಿ ಇರುತ್ತವೆ; ಬಿಪಿಎಲ್ ಕುಟುಂಬವಾಗಿದ್ದರೆ ದುಡಿಯುವ ವ್ಯಕ್ತಿಯ ಸಾವಿಗೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯ 20,000 ರೂಪಾಯಿ ಇದೆ. ಉಯಿಲು ಇಲ್ಲದಿದ್ದಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಸ್ವಂತ ಆಸ್ತಿಯಲ್ಲಿ ತಾಯಿ, ಹೆಂಡತಿ, ಮಗ ಮೂವರಿಗೂ ಸಮಪಾಲು. ಇದನ್ನು ಅವ್ವ, ವೈನಿ ಇಬ್ಬರೂ ಇರುವಾಗ ಕೂತು ಸ್ಪಷ್ಟವಾಗಿ ಮಾತನಾಡಿರಿ. ಮಾತನಾಡದೆ ಉಳಿದ ಮನೆಗಳಲ್ಲಿ ದುಃಖ ಸಂಶಯಕ್ಕೆ ತಿರುಗಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮಗುವಿಗೆ ನಿಜ ಹೇಳಿರಿ. ಐದು ವರ್ಷದ ಮಗುವಿಗೆ ಸಾವು ಮರಳಿ ಬರಲಾಗದ್ದು ಎಂಬುದು ಪೂರ್ತಿ ತಿಳಿಯದು, ಆದರೆ ಮನೆಯಲ್ಲಿ ಏನೋ ಆಗಿದೆ, ಅದನ್ನು ನನಗೆ ಹೇಳುತ್ತಿಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ. ಪುಣೆಯಲ್ಲಿದ್ದೂ ಫೋನ್ ಮಾಡದ ಅಪ್ಪ ನನ್ನನ್ನು ಬಿಟ್ಟುಹೋಗಿದ್ದಾನೆ, ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನಾಳೆ ಶಾಲೆಯಲ್ಲಿ ಯಾರೋ ಹೇಳುವ ಮೊದಲು ತಾಯಿಯೇ, ನೀವು ಪಕ್ಕದಲ್ಲಿದ್ದು, ಹೇಳಬೇಕು: 'ಅಪ್ಪನ ಎದೆಗೆ ದೊಡ್ಡ ರೋಗ ಬಂತು, ಡಾಕ್ಟರಿಗೆ ಗುಣಪಡಿಸಲು ಆಗಲಿಲ್ಲ, ಅಪ್ಪ ಸತ್ತುಹೋದ, ಇನ್ನು ಮರಳಿ ಬರುವುದಿಲ್ಲ. ನೀನು ಮಾಡಿದ್ದರಿಂದ ಆದದ್ದಲ್ಲ. ನಾವೆಲ್ಲ ನಿನ್ನ ಜೊತೆ ಇರುತ್ತೇವೆ.' ನಿದ್ದೆ ಹೋದ ಎಂದರೆ ಮಗು ಮಲಗಲು ಹೆದರುತ್ತದೆ. ಕೇಳಿದ ಹತ್ತು ನಿಮಿಷಕ್ಕೆ ಆಟಕ್ಕೆ ಓಡಿಹೋದರೆ, ಮರುದಿನ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಕೆಲವು ವಾರ ಹಾಸಿಗೆ ಒದ್ದೆ ಮಾಡಿಕೊಂಡರೆ ಅದು ಸಹಜ. ಇಷ್ಟು ದಿನ ಬೇರೆ ಹೇಳಿದ್ದೇಕೆ ಎಂದು ಕೇಳಿದರೆ, ಹೇಳುವುದು ನಮಗೆ ಕಷ್ಟವಾಗಿತ್ತು ಎನ್ನಿರಿ.

ಇನ್ನು ನಿಮ್ಮ ವಿಷಯ. ಆ ರಾತ್ರಿಯ ಫೋನ್ ಕರೆಯನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಅದನ್ನು ಯಾರಿಗೂ ಹೇಳಿಕೊಂಡಿಲ್ಲವೆಂದು ನನಗೆ ತೋರುತ್ತದೆ. ಎದೆ ಉರಿ ಎಂದರೆ ಹೆಚ್ಚಿನ ಸಲ ಆಮ್ಲೀಯತೆಯೇ ಆಗಿರುತ್ತದೆ. ಹೃದಯಾಘಾತದ ಆರಂಭದ ನೋವನ್ನು ವೈದ್ಯರೂ ಇಸಿಜಿ ಇಲ್ಲದೆ ಗ್ಯಾಸಿನಿಂದ ಬೇರ್ಪಡಿಸಲಾರರು. ಮರುದಿನ ಏನಾಯಿತೆಂದು ಈಗ ಗೊತ್ತಿರುವುದರಿಂದ ಅಂದೂ ಗೊತ್ತಾಗಬೇಕಿತ್ತು ಅನ್ನಿಸುತ್ತಿದೆ. ಇದನ್ನು ನಾನು ಬರೆದ ಮಾತ್ರಕ್ಕೆ ನಿಮ್ಮ ತಪ್ಪಿತಸ್ಥ ಭಾವನೆ ಹೋಗುವುದಿಲ್ಲವೆಂದು ಬಲ್ಲೆ, ಆದ್ದರಿಂದ 14416ಕ್ಕೆ ಮೊದಲ ಕರೆ ನೀವೇ ಮಾಡಿ ಈ ಒಂದು ವಿಷಯವನ್ನು ಹೇಳಿಕೊಳ್ಳಿರಿ. ಇನ್ನೊಂದು ಮುಖ್ಯ ಮಾತು: ಚಿಕ್ಕ ವಯಸ್ಸಿನ ಹೃದಯಾಘಾತ ಒಂದೇ ಕುಟುಂಬದಲ್ಲಿ ಮರುಕಳಿಸಬಹುದು. ಇಸಿಜಿ, ಎಕೋ, ರಕ್ತದ ಕೊಬ್ಬು, ಸಕ್ಕರೆ, ಬಿ.ಪಿ. ಪರೀಕ್ಷೆಗಳನ್ನು ನೀವು ಮಾಡಿಸಿಕೊಳ್ಳಬೇಕು. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಇದೆಲ್ಲ ಆಗುತ್ತದೆ. ಮಗುವಿಗೆ ಯಾವಾಗ, ಯಾವ ಪರೀಕ್ಷೆ ಬೇಕೆಂದು ಅಲ್ಲಿಯೇ ಕೇಳಿರಿ. ಅಣ್ಣನ ಮರಣೋತ್ತರ ವರದಿಯೋ ಆಸ್ಪತ್ರೆಯ ಕಾಗದಗಳೋ ಇದ್ದರೆ ಜೊತೆಗೆ ಒಯ್ಯಿರಿ.

ಗುಂಪಿನ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಮಣ್ಣಿಗೆ ಬರುವವರಿಗೆ, ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಬರುವವರಿಗೆ ಕೊರತೆಯಿಲ್ಲ. ಆದರೆ ದಿನಕರ್ಮ ಮುಗಿದ ಮೇಲೆ ಅಂಗಳ ಖಾಲಿಯಾಗುತ್ತದೆ, ಮತ್ತು ನಿಜವಾದ ಒಂಟಿತನ ಶುರುವಾಗುವುದು ಆಗಲೇ. ನಿಮ್ಮ ಊರಲ್ಲೇ ಮಗನನ್ನೋ ಗಂಡನನ್ನೋ ಕಳೆದುಕೊಂಡ ಇನ್ನೂ ಮೂರು ನಾಲ್ಕು ಹೆಣ್ಣುಮಕ್ಕಳಿರುತ್ತಾರೆ. ಸ್ವಸಹಾಯ ಸಂಘದ ಸಭೆಯ ದಿನವೇ ಅದರ ನಂತರ ಒಂದು ತಾಸು ಅವರು ಅವ್ವನೊಂದಿಗೆ ಕೂಡುವಂತೆ ಸಂಘದ ಹಿರಿಯರೊಬ್ಬರನ್ನು ಕೇಳಿನೋಡಿರಿ. ಉಪದೇಶ ಮಾಡಬಾರದು, ಯಾರ ದುಃಖ ದೊಡ್ಡದೆಂದು ಹೋಲಿಸಬಾರದು, ಆಡಿದ ಮಾತು ಹೊರಗೆ ಹೋಗಬಾರದು ಎಂಬ ಮೂರು ಕಟ್ಟಳೆಗಳು ಸಾಕು. ಕೊನೆಯದನ್ನು ಹಳ್ಳಿಯಲ್ಲಿ ಪಾಲಿಸುವುದು ಕಷ್ಟ, ಆದ್ದರಿಂದ ವೈನಿಗೆ ಈ ಗುಂಪು ಸರಿಹೋಗದಿರಬಹುದು. ಅವರಿಗೆ ಒಬ್ಬಳು ಗೆಳತಿಯೋ ತವರಿನ ಅಕ್ಕನೋ ವಾರಕ್ಕೊಮ್ಮೆ ಬಂದುಹೋದರೆ ಹೆಚ್ಚು ಒಳಿತು. ಸಾವಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಹಿಡಿದು ಕೂರಿಸಿ ಸಮಾಲೋಚನೆ ಮಾಡಿಸುವುದರಿಂದ ಲಾಭವಿಲ್ಲವೆಂದು ತಿಳಿದುಬಂದಿದೆ, ನೆರವು ಬೇಕೆಂದವರಿಗೆ ಕೊಡುವುದೇ ಸರಿ.

ಮುಂದೆ ಎಳ್ಳಮವಾಸ್ಯೆ ಬರುತ್ತದೆ, ಅದರ ಹಿಂದೆಯೇ ತೊಗರಿ ರಾಶಿ, ಆಮೇಲೆ ಯುಗಾದಿಯೊಂದಿಗೆ ವರ್ಷದ ದಿನ. ಇಂಥ ದಿನಗಳಲ್ಲಿ ಆರಿದ್ದ ದುಃಖವೂ ಮತ್ತೆ ಏಳುತ್ತದೆ, ಅದು ಹಿನ್ನಡೆಯಲ್ಲ. ಭಜ್ಜಿ ಮಾಡಿ ಚರಗ ಚೆಲ್ಲಲು ಹೊಲಕ್ಕೆ ಹೋಗುವುದೋ ಬಿಡುವುದೋ, ಹೋದರೆ ಅಣ್ಣನ ಹೆಸರಿನಲ್ಲಿ ಒಂದು ತುತ್ತು ಇಡುವುದೋ ಎಂಬುದನ್ನು ವಾರ ಮೊದಲೇ ಅವ್ವ ಮತ್ತು ವೈನಿಯನ್ನು ಕೇಳಿರಿ. ಒಬ್ಬರು ಬರುವುದಿಲ್ಲವೆಂದರೆ ಒತ್ತಾಯಿಸದೆ, ಅವರ ಜೊತೆ ಮನೆಯಲ್ಲಿ ಯಾರಾದರೂ ಉಳಿಯುವಂತೆ ನೋಡಿಕೊಳ್ಳಿರಿ. ಅಷ್ಟರೊಳಗೆ ಅವ್ವನ ಮೊದಲ ಎರಡು ಭೇಟಿಗಳಾದರೂ ಆಗಿರಲಿ.